ಮೂವತ್ತಾರನೆಯವನು

ರೇಸ್ ಅಂದರೆ ನಮ್ಮ ಪಾಪಿರೆಡ್ಡಿಪಟ್ಟಿ ಕಡೆ ಮೊದಲು ಬಂದವನ ಹೆಸರು ಮಾತ್ರ ಕೇಳೋದು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರ ಡಕಾರ್ ರ‍್ಯಾಲಿಯಲ್ಲಿ 36ನೆಯವನಾಗಿ ಬಂದದ್ದು ಚರಿತ್ರೆ ಅಂತ ನಾನು ಹೇಳಿದರೆ ಹುಡುಗರು ನಗುತ್ತಾರೆ. ನಗಲಿ.

ಮದ್ರಾಸಿನ ಹತ್ತಿರ ಇರುಂಗಾಟ್ಟುಕೋಟೆಯಲ್ಲಿ ನಡೆಯುವ ರೇಸ್ ಬೇರೆ ಥರ. ಅಲ್ಲಿ ಅದೇ ತಿರುವು ಸುತ್ತಿ ಸುತ್ತಿ ಬರುತ್ತೆ, ಕೈಗೆ ಬಾಯಿಪಾಠ ಆಗಿಬಿಡುತ್ತೆ. ಡಕಾರ್‌ನಲ್ಲಿ ದಿನಕ್ಕೆ ನೂರಾರು ಕಿಲೋಮೀಟರ್, ಎಲ್ಲವೂ ಹೊಸ ದಾರಿ. ಹ್ಯಾಂಡಲ್ ಮೇಲೆ ಸುತ್ತಿಟ್ಟ ಕಾಗದದ ಸುರುಳಿ ಇರುತ್ತಿತ್ತು. ಇಷ್ಟು ದೂರಕ್ಕೆ ಹಳ್ಳ, ಇಷ್ಟು ದೂರಕ್ಕೆ ಬಲಕ್ಕೆ ತಿರುಗು ಅಂತ ಗುರುತುಗಳು. ಅದನ್ನು ಓದುತ್ತಲೇ ಓಡಿಸಬೇಕು. ಗೊತ್ತು ಮಾಡಿದ ಜಾಗ ತಪ್ಪಿಸಿದರೆ ದಂಡವಾಗಿ ಸಮಯ ಕೂಡಿಸುತ್ತಾರೆ. ವಾಣಿಯಾರಿನ ಒಣ ಮರಳಲ್ಲಿ ಬೈಕ್ ಓಡಿಸಿದವರಿಗೆ ಗೊತ್ತಿರುತ್ತೆ, ಹೆದರಿ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಹೂತುಕೊಳ್ಳುತ್ತೆ. ಅಂಥ ಮರಳು ಗುಡ್ಡಗಟ್ಟಲೆ ಇದೆ ಅಂದುಕೊಳ್ಳಿ.

1978ರ ಡಿಸೆಂಬರ್ ಕೊನೆಗೆ ಪ್ಯಾರಿಸ್‌ನಿಂದ ಆಫ್ರಿಕಾದ ಡಕಾರ್‌ಗೆ ಹೊರಟ ಓಟ ಇದು. 2009ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಯಿತು, 2020ರಿಂದ ಸೌದಿ ಅರೇಬಿಯಾದಲ್ಲಿದೆ. ಹೆಸರು ಮಾತ್ರ ಹಳೆಯದೇ.

ಸಂತೋಷ್ ಹುಟ್ಟಿದ್ದು 1983ರಲ್ಲಿ. ಮಣ್ಣಿನ ಮೈದಾನದ ಮೋಟೊಕ್ರಾಸ್‌ನಲ್ಲಿ ಪಳಗಿದವರು. 2013ರಲ್ಲಿ ಅಬುಧಾಬಿಯ ಮರಳುಗಾಡಿನ ಓಟದಲ್ಲಿ ಬೈಕಿಗೆ ಬೆಂಕಿ ಹತ್ತಿ ಕತ್ತು ಸುಟ್ಟಿತು. ಎರಡು ವರ್ಷಕ್ಕೆ ಡಕಾರ್! ಅರ್ಜೆಂಟೀನಾ, ಬೊಲಿವಿಯಾ, ಚಿಲಿ; ನಡುವೆ ಬೊಲಿವಿಯಾದ ಉಪ್ಪಿನ ಬಯಲು. ಮಳೆ ನೀರು ನಿಂತಿತ್ತು, ಉಪ್ಪುನೀರು ಹೊಕ್ಕು ಎಷ್ಟೋ ಬೈಕುಗಳು ಕೆಟ್ಟವು. ಆ ವರ್ಷ ಪೋಲೆಂಡಿನ ಸವಾರನೊಬ್ಬ ದಾರಿಯಲ್ಲೇ ಸತ್ತ. ಬೈಕಿನಲ್ಲಿ ಹೊರಟವರಲ್ಲಿ ಸುಮಾರು ಅರ್ಧ ಜನ ಮಾತ್ರ ಕೊನೆ ಮುಟ್ಟಿದರು. ಹಾಗೆ ಮುಟ್ಟಿದ ಮೊದಲ ಭಾರತೀಯ ಸಂತೋಷ್. 36ರ ತೂಕ ಅಲ್ಲಿದೆ.

ಆಮೇಲೆ ಹೀರೋ ತಂಡ ಸೇರಿದರು. 2017ರಲ್ಲಿ 47, 2018ರಲ್ಲಿ 34. 2020ರ ಜನವರಿ 12ರಂದು ಅದೇ ತಂಡದ ಪೋರ್ಚುಗಲ್ ಸವಾರ ಪಾವ್ಲೊ ಗೊನ್ಸಾಲ್ವಿಸ್ ಬಿದ್ದು ಸತ್ತರು, ತಂಡ ಓಟ ಬಿಟ್ಟು ಹಿಂದೆ ಸರಿಯಿತು. ಮರುವರ್ಷ ಜನವರಿ 6ಕ್ಕೆ ಸಂತೋಷ್ ಬಿದ್ದರು. ಹೆಲಿಕಾಪ್ಟರಿನಲ್ಲಿ ರಿಯಾದ್ ಆಸ್ಪತ್ರೆಗೆ ಒಯ್ದರು. ಮಿದುಳಿಗೆ ವಿಶ್ರಾಂತಿ ಬೇಕೆಂದು ವೈದ್ಯರೇ ಔಷಧಿ ಕೊಟ್ಟು ಕೆಲವು ದಿನ ಪ್ರಜ್ಞೆ ಇಲ್ಲದಂತೆ ಮಲಗಿಸಿದ್ದರು. ಎಚ್ಚರಾಗಿ ಊರಿಗೆ ಬಂದರು. ಹೆಲ್ಮೆಟ್ಟು ಟ್ಯಾಂಕ್ ಮೇಲಿಟ್ಟುಕೊಂಡು ಹೋಗುವ ನಮ್ಮ ಶೂರರಿಗೆ ಈ ಭಾಗ ಎರಡು ಸಲ ಓದಿಸಬೇಕು.

2024ರಲ್ಲಿ ಕೇರಳದ ಹರಿತ್ ನೋವಾ 11ನೆಯವರಾದರು. ಸಂತೋಷ್ ಕಟ್ಟಿದ ಮಣ್ಣಿನ ತರಬೇತಿ ಮೈದಾನ ಕೋಲಾರದ ಕಡೆ ಇದೆ. ನಮ್ಮೂರಿಂದ ಬೆಳಿಗ್ಗೆ ಹೊರಟು ಕೃಷ್ಣಗಿರಿ ದಾಟಿ ಹೋದರೆ ಮಧ್ಯಾಹ್ನದ ಊಟದೊಳಗೆ ಸೇರಬಹುದು.