ಅಜ್ಜಿಯ ಬೇವು ಮತ್ತು ವಿಯೆನ್ನಾದ ಸಭೆ



ಮ್ಯೂನಿಕ್‌ನ ನಮ್ಮ ಕೂಟದಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರಿನವರೇ. ಕೋಡ್ ಬರೆಯುತ್ತೇವೆ, ಬಗ್ ಹುಡುಕುತ್ತೇವೆ. ಮ್ಯಾನೇಜರು ಬಂದು "ಈ ವರ್ಷ ಏನಾದರೂ ಹೊಸದು ಕಂಡುಹಿಡಿದಿರಾ?" ಎಂದಾಗ ತಲೆ ಕೆರೆದುಕೊಂಡು ಒಂದು ಫಾರಂ ತುಂಬುತ್ತೇವೆ. ಆ ಫಾರಂ ಹೋಗಿ ಸೇರುವುದು ಪೇಟೆಂಟ್ ವಕೀಲರ ಮೇಜಿಗೆ. ಈ ವಕೀಲರು ವರ್ಷಕ್ಕೊಮ್ಮೆ ತಮ್ಮ ವೃತ್ತಿಯವರ ಸಮ್ಮೇಳನಕ್ಕೆ ಹೋಗಿ ಒಂದು ಬಟ್ಟೆಚೀಲ, ನಾಲ್ಕು ಪೆನ್ನು, ಒಂದು ಕಟ್ಟು ವಿಸಿಟಿಂಗ್ ಕಾರ್ಡುಗಳೊಂದಿಗೆ ಮರಳುತ್ತಾರೆ. "ಅಲ್ಲಿ ಊಟ ಬಿಟ್ಟು ಬೇರೇನು ನಡೆಯುತ್ತದೆ?" ಎಂದು ಕ್ಯಾಂಟೀನಿನಲ್ಲಿ ಒಮ್ಮೆ ತಮಾಷೆಗೆ ಕೇಳಿದೆವು. ಅವರು ನಕ್ಕು, "ನೀವು ತುಂಬುವ ಫಾರಂ ಹುಟ್ಟಿದ್ದೇ ಅಂಥ ಒಂದು ಸಮ್ಮೇಳನದಿಂದ. ವಿಯೆನ್ನಾ, 1873. ಓದಿ ನೋಡಿ" ಎಂದರು.

ಓದಿದೆವು. ಓದುತ್ತಾ ಹೋದಂತೆ ಕಥೆ ವಿಯೆನ್ನಾದಿಂದ ಹೊರಟು ತುಮಕೂರಿನವರೆಗೂ ಬಂತು! ಅದನ್ನೇ ಈ ಸಲ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

1873ರ ಮೇ 1ರಂದು ವಿಯೆನ್ನಾದ ಪ್ರಾಟರ್ ಉದ್ಯಾನದಲ್ಲಿ ಒಂದು ಮಹಾ ವಸ್ತುಪ್ರದರ್ಶನ ತೆರೆಯಿತು. ನಡುವೆ 'ರೋಟುಂಡೆ' ಎಂಬ ಭಾರೀ ಗುಮ್ಮಟ, ಸುತ್ತ ದೇಶದೇಶಗಳ ಮಳಿಗೆಗಳು. ಗ್ರಹಚಾರ ನೋಡಿ, ಒಂದೇ ವಾರ ಕಳೆಯುವಷ್ಟರಲ್ಲಿ, ಮೇ 9ರಂದು ಅಲ್ಲಿನ ಷೇರುಪೇಟೆ ಕುಸಿಯಿತು. ಬೇಸಿಗೆಯಲ್ಲಿ ಕಾಲರಾ ಬಂತು. ಆದರೆ ಇವೆಲ್ಲಕ್ಕೂ ಮೊದಲೇ ಸಂಘಟಕರಿಗೆ ಇನ್ನೊಂದು ತಲೆನೋವು ಗಂಟುಬಿದ್ದಿತ್ತು. ಯಂತ್ರಗಳನ್ನು ತರಬೇಕಿದ್ದ ಹೊರದೇಶದವರು, ಮುಖ್ಯವಾಗಿ ಅಮೆರಿಕದವರು, "ನಾವು ಬರುವುದಿಲ್ಲ" ಎಂದು ಕೂತಿದ್ದರು. ನಮ್ಮ ಯಂತ್ರವನ್ನು ನಿಮ್ಮವರು ನೋಡಿ ನಕಲು ಹೊಡೆದರೆ ಗತಿಯೇನು ಎಂಬುದು ಅವರ ಅಂಜಿಕೆ. ಪೇಟೆಂಟ್ ಪಡೆದು ಒಂದು ವರ್ಷದೊಳಗೆ ಆ ವಸ್ತುವನ್ನು ಆಸ್ಟ್ರಿಯಾದಲ್ಲೇ ತಯಾರಿಸದಿದ್ದರೆ ಹಕ್ಕು ಹೋಗುತ್ತದೆ ಎಂಬ ಅಲ್ಲಿನ ಕಾನೂನೂ ಅವರಿಗೆ ಹಿಡಿಸಿರಲಿಲ್ಲ. ಕೊನೆಗೆ ಪ್ರದರ್ಶನಕ್ಕೆಂದೇ ಒಂದು ತಾತ್ಕಾಲಿಕ ರಕ್ಷಣೆಯ ಕಾನೂನು ಬಂತು. ಪೇಟೆಂಟ್ ಸುಧಾರಣೆಯ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ಕರೆಯುವುದೆಂದೂ ಗೊತ್ತಾಯಿತು.

ಇಲ್ಲೊಂದು ಮಾತು ನೆನಪಿಡಬೇಕು. ಆ ಕಾಲದಲ್ಲಿ ಯೂರೋಪಿನ ಗಾಳಿ ಪೇಟೆಂಟಿಗೆ ವಿರುದ್ಧವಾಗಿ ಬೀಸುತ್ತಿತ್ತು. ಹಾಲೆಂಡ್ 1869ರಲ್ಲಿ ತನ್ನ ಪೇಟೆಂಟ್ ಕಾನೂನನ್ನೇ ರದ್ದು ಮಾಡಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಅಂಥ ಕಾನೂನೇ ಇರಲಿಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕೂಡ ವಿರೋಧಿಯೇ. ಲಂಡನ್ನಿನ 'ಎಕಾನಮಿಸ್ಟ್' ಪತ್ರಿಕೆ ಈ ಕಾನೂನುಗಳು ಬೇಗನೆ ಇಲ್ಲವಾಗಬಹುದೆಂದು 1869ರಲ್ಲಿ ಬರೆದಿತ್ತು. ಇವತ್ತು ನಮ್ಮ ಓಪನ್ ಸೋರ್ಸ್ ಗೆಳೆಯರು ಆಡುವ ಮಾತನ್ನು ಅಂದು ಮುಕ್ತ ವ್ಯಾಪಾರದವರು ಆಡುತ್ತಿದ್ದರು.

ಆಗಸ್ಟ್ ಮೊದಲ ವಾರದಲ್ಲಿ ಸಮ್ಮೇಳನ ಸೇರಿತು. 13 ದೇಶಗಳ 158 ಮಂದಿ. ಎಂಜಿನಿಯರುಗಳು, ಕಾರ್ಖಾನೆಯ ಧಣಿಗಳು, ವಕೀಲರು, ಪೇಟೆಂಟ್ ಅಧಿಕಾರಿಗಳು. ಅಧ್ಯಕ್ಷ ಪೀಠದಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಎಂಜಿನಿಯರ್ ವಿಲಿಯಂ ಸೀಮೆನ್ಸ್. ಅವರ ಅಣ್ಣ ವೆರ್ನರ್ ಸೀಮೆನ್ಸ್ ಜರ್ಮನಿಯಲ್ಲಿ ಪೇಟೆಂಟ್ ಪರ ಚಳವಳಿಯ ಮುಂದಾಳು. ಹಾಗಾಗಿ ತೀರ್ಪು ಯಾವ ಕಡೆ ವಾಲುತ್ತದೆಂದು ಊಹಿಸುವುದು ಕಷ್ಟವಿರಲಿಲ್ಲ ಬಿಡಿ.

ಸಭೆ ಒಪ್ಪಿದ ನಿರ್ಣಯಗಳ ಸಾರ ಇಷ್ಟು: ಎಲ್ಲ ನಾಗರಿಕ ರಾಷ್ಟ್ರಗಳೂ ಆವಿಷ್ಕಾರಕ್ಕೆ ಕಾನೂನಿನ ರಕ್ಷಣೆ ಕೊಡಬೇಕು. ಪರದೇಶದವನೆಂದು ಯಾರಿಗೂ ಪೇಟೆಂಟ್ ನಿರಾಕರಿಸಬಾರದು. ಅರ್ಜಿಯನ್ನು ಮೊದಲೇ ಪರೀಕ್ಷಿಸಬೇಕು. ಹಕ್ಕು 15 ವರ್ಷದವರೆಗೆ ಸಿಗಬೇಕು. ಇದಕ್ಕೆಲ್ಲ ಪ್ರತಿಯಾಗಿ ಆವಿಷ್ಕಾರಿ ತನ್ನ ಗುಟ್ಟನ್ನು ಪೂರ್ತಿ ಪ್ರಕಟಿಸಬೇಕು. ಸಾರ್ವಜನಿಕ ಹಿತಕ್ಕೆ ಅಗತ್ಯ ಬಿದ್ದರೆ ಬೇರೆಯವರಿಗೂ ತಯಾರಿಸಲು ಕಡ್ಡಾಯ ಲೈಸೆನ್ಸ್ ಕೊಡಿಸಬಹುದು. ಮತ್ತು ಸರ್ಕಾರಗಳು ಆದಷ್ಟು ಬೇಗ ಒಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬರಬೇಕು.

ನಿರ್ಣಯಗಳು ಕಾಗದದಲ್ಲೇ ಉಳಿಯಲಿಲ್ಲ. 1877ರಲ್ಲಿ ಜರ್ಮನಿಗೆ ಪೇಟೆಂಟ್ ಕಾನೂನು ಬಂತು. 1878ರಲ್ಲಿ ಪ್ಯಾರಿಸ್ಸಿನಲ್ಲಿ ಇನ್ನೂ ದೊಡ್ಡ ಸಮ್ಮೇಳನ ನಡೆಯಿತು. 1883ರ ಮಾರ್ಚ್ 20ರಂದು 11 ದೇಶಗಳು ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಬಳಿಕ ಸ್ವಿಟ್ಜರ್ಲೆಂಡೂ ದಾರಿಗೆ ಬಂತು, 1910ರಲ್ಲಿ ಹಾಲೆಂಡ್ ಮತ್ತೆ ಕಾನೂನು ಮಾಡಿತು. 1897ರಲ್ಲಿ ಈ ವೃತ್ತಿಯವರು ತಮ್ಮದೇ ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಅದರ ಮೊದಲ ಸಮ್ಮೇಳನ ನಡೆದದ್ದೂ ವಿಯೆನ್ನಾದಲ್ಲೇ. ನಮ್ಮ ವಕೀಲರ ಬಟ್ಟೆಚೀಲದ ವಂಶವೃಕ್ಷ ಅಲ್ಲಿಂದ ಶುರು.

ಸರಿ, ಇದರಲ್ಲಿ ನಮ್ಮದೇನು? ಮೊದಲ ನಿರ್ಣಯದ 'ನಾಗರಿಕ ರಾಷ್ಟ್ರಗಳು' ಎಂಬ ಮಾತಿನಲ್ಲಿದೆ ನೋಡಿ ಮುಳ್ಳು.

ವಿಯೆನ್ನಾ ಪ್ರದರ್ಶನದಲ್ಲಿ ಬ್ರಿಟಿಷ್ ಇಂಡಿಯಾದ ವಿಭಾಗವೂ ಇತ್ತು. ಅದರ ಕ್ಯಾಟಲಾಗ್ ತಯಾರಿಸಿದವರು ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನ ಜಾನ್ ಫೋರ್ಬ್ಸ್ ವಾಟ್ಸನ್. ಈ ಮಹನೀಯರು 1866ರಲ್ಲಿ ಇನ್ನೊಂದು ಕೆಲಸ ಮಾಡಿದ್ದರು. ಭಾರತದ ಸೀರೆ, ಪೇಟ, ಮಸ್ಲಿನ್, ರೇಷ್ಮೆಗಳಿಂದ 700 ತುಂಡುಗಳನ್ನು ಕತ್ತರಿಸಿ, 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಸೆಟ್‌ಗಳನ್ನು ಮಾಡಿಸಿದರು. ಅದರಲ್ಲಿ 13 ಬ್ರಿಟನ್ನಿಗೆ, 7 ಭಾರತಕ್ಕೆ. ಭಾರತದವರು ಏನು ಉಡುತ್ತಾರೆಂದು ಅಲ್ಲಿನ ಗಿರಣಿಯವರು ಕೈಯಲ್ಲಿ ಮುಟ್ಟಿ ನೋಡಿ, ಅಂಥದ್ದನ್ನೇ ನೇಯ್ದು ನಮಗೇ ಮಾರಲಿ ಎಂಬುದು ಉದ್ದೇಶ. ಒಂದು ಸೆಟ್ ಪ್ರೆಸ್ಟನ್ ಊರಿನ ಹ್ಯಾರಿಸ್ ಮ್ಯೂಸಿಯಮ್ಮಿನಲ್ಲಿದೆ.

ಅಮೆರಿಕದವನ ಯಂತ್ರವನ್ನು ಯಾರಾದರೂ ನಕಲು ಮಾಡಿಯಾರೆಂಬ ಭಯಕ್ಕೆ ಒಂದು ಸಾಮ್ರಾಜ್ಯ ಕಾನೂನು ತಂದು ಸಮ್ಮೇಳನ ಕರೆಯಿತು. ನಮ್ಮ ನೇಕಾರನ ಸೆರಗನ್ನು ಇನ್ನೊಂದು ಸಾಮ್ರಾಜ್ಯ ಕತ್ತರಿಯಿಟ್ಟು ಹಂಚಿದರೆ ಅದಕ್ಕೆ ಯಾರೂ ಕಳ್ಳತನವೆನ್ನಲಿಲ್ಲ. ಬಟ್ಟೆ ಪ್ರದರ್ಶನದಲ್ಲಿತ್ತು, ನೇಕಾರ ಸಭೆಯಲ್ಲಿರಲಿಲ್ಲ.

ಹಾಗೆಂದು ಭಾರತದಲ್ಲಿ ಪೇಟೆಂಟ್ ಇರಲಿಲ್ಲವೆಂದಲ್ಲ. ಇಂಗ್ಲಿಷರು 1856ರಲ್ಲೇ ತಂದಿದ್ದರು. ಮೊದಲ ಅರ್ಜಿ ಕಲ್ಕತ್ತೆಯ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಅವರದು. ಏನಕ್ಕೆ ಗೊತ್ತೇ? ಪಂಖಾ ಎಳೆಯುವ ಯಂತ್ರಕ್ಕೆ! ಪಂಖಾ ಎಳೆಯುತ್ತಾ ಜಗಲಿಯಲ್ಲಿ ಕೂತಿದ್ದ ಕೂಲಿಯವನನ್ನು ಯಾರೂ ಕೇಳಿರಲಾರರು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಡೇಟಾಬೇಸ್ ವಿನ್ಯಾಸದ ಸಮಸ್ಯೆ. 'ಕರ್ತೃ', 'ದಿನಾಂಕ' ಎಂಬ ಎರಡು ಕಾಲಂಗಳನ್ನು ಕಡ್ಡಾಯ ಮಾಡಿಬಿಟ್ಟರೆ, ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆ ಒಳಗೆ ಹೋಗುವುದೇ ಇಲ್ಲ. ಕಣಜಕ್ಕೆ ಬೇವಿನ ಸೊಪ್ಪು ಹಾಕಿದ ಅಜ್ಜಿಯ ಹೆಸರಿಗೆ ಅಲ್ಲಿ ಜಾಗವಿಲ್ಲ. ಅದೇ ಬೇವನ್ನು ಪ್ರಯೋಗಾಲಯದಲ್ಲಿ ಹಿಂಡಿ, ತಾರೀಕು ಹಾಕಿ, ಸಹಿ ಮಾಡಿದವರಿಗೆ ಜಾಗವಿದೆ.

ಆದದ್ದೂ ಹಾಗೆಯೇ. ಬೇವಿನೆಣ್ಣೆಯಿಂದ ಗಿಡಗಳ ಬೂಷ್ಟುರೋಗ ತಡೆಯುವ ವಿಧಾನಕ್ಕೆ ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆಗೆ 1994ರಲ್ಲಿ ಯೂರೋಪಿನ ಪೇಟೆಂಟ್ ಸಿಕ್ಕಿತು. ಇದೇ ಗ್ರೇಸ್ ಕಂಪನಿಯ ಸಹಯೋಗದಲ್ಲಿ ನಮ್ಮ ತುಮಕೂರಿನಲ್ಲಿ ಬೇವಿನ ಬೀಜ ಸಂಸ್ಕರಿಸುವ ಕಾರ್ಖಾನೆಯೂ ತಲೆಯೆತ್ತಿತ್ತು. ಆ ಪೇಟೆಂಟ್ ಕೊಟ್ಟ ಕಚೇರಿ ಬೇರೆಲ್ಲೂ ಇಲ್ಲ. ನಾವು ಭಾನುವಾರ ಮಕ್ಕಳೊಂದಿಗೆ ಅಡ್ಡಾಡುವ ಈಸಾರ್ ನದಿಯ ದಂಡೆಯ ಮೇಲಿದೆ!

ವಂದನಾ ಶಿವ, ಯೂರೋಪಿನ ಸಂಸತ್ತಿನ ಹಸಿರು ಪಕ್ಷದ ಮಾಗ್ಡಾ ಆಲ್ವೂಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟದವರು ಸೇರಿ ತಕರಾರು ಹೂಡಿದರು. ಭಾರತದ ಕಾರ್ಖಾನೆಯೊಂದರ ವ್ಯವಸ್ಥಾಪಕರು ಬಂದು, ಆ ಅರ್ಜಿಗಿಂತ ಎಷ್ಟೋ ಮೊದಲೇ ತಾವು ಇಂಥದೇ ರೀತಿಯಲ್ಲಿ ಬೇವಿನೆಣ್ಣೆ ತೆಗೆಯುತ್ತಿದ್ದೆವೆಂದು ಸಾಕ್ಷಿ ನುಡಿದರು. 2000ದ ಮೇ 10ರಂದು ಪೇಟೆಂಟ್ ರದ್ದಾಯಿತು. 2005ರ ಮಾರ್ಚ್ 8ರಂದು ಮೇಲ್ಮನವಿಯೂ ಬಿದ್ದುಹೋಯಿತು. ಸಭೆಯೊಳಗೆ ನಮ್ಮವರೊಬ್ಬರು ಎದ್ದು ನಿಂತು ಮಾತಾಡಿದ್ದರಿಂದ ಆದ ವ್ಯತ್ಯಾಸ ಇದು.

ಅಮೆರಿಕದಲ್ಲಿ ಆಗ ಇಷ್ಟೂ ಸಾಲುತ್ತಿರಲಿಲ್ಲ. ಹೊರದೇಶದ ಬಾಯಿಮಾತಿನ ಬಳಕೆ ಅಲ್ಲಿ ಲೆಕ್ಕಕ್ಕಿರಲಿಲ್ಲ, ಅಚ್ಚಾದ ಪುರಾವೆ ಬೇಕಿತ್ತು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಕೊಟ್ಟ ಪೇಟೆಂಟನ್ನು ಭಾರತದ ಸಿಎಸ್‌ಐಆರ್ ಸಂಸ್ಥೆ 1997ರಲ್ಲಿ ರದ್ದು ಮಾಡಿಸಿದ್ದು ಹಳೆಯ ಗ್ರಂಥ, ಲೇಖನಗಳನ್ನು ಮುಂದಿಟ್ಟು. ಆ ಪಾಠ ಕಲಿತೇ ಭಾರತ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಕಟ್ಟತೊಡಗಿತು.

ಹಾಗಾದರೆ ವಿಯೆನ್ನಾ ಸಭೆ ಬರೀ ಕೆಟ್ಟದ್ದೇ? ಅಲ್ಲ. ಆ ಕಡ್ಡಾಯ ಲೈಸೆನ್ಸಿನ ನಿರ್ಣಯ ನೆನಪಿದೆಯಲ್ಲ? 2012ರಲ್ಲಿ ಭಾರತ ಬಳಸಿದ್ದು ಅದೇ ತತ್ವವನ್ನು. ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿ ನೆಕ್ಸಾವಾರ್‌ಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಆಗುತ್ತಿತ್ತು. ಅದನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೋಗೆ ಲೈಸೆನ್ಸ್ ಕೊಟ್ಟು 8,800 ರೂಪಾಯಿಗೆ ಇಳಿಸಲಾಯಿತು. ಯಾರೋ ಬರೆದ ನಿಯಮವನ್ನು ಓದಿ ತಿಳಿದವರು ತಮ್ಮ ಜನಕ್ಕಾಗಿ ಬಳಸಿಕೊಳ್ಳಬಹುದು. 2024ರ ಮೇ 24ರಂದು ಜಿನೀವಾದಲ್ಲಿ ಕೊನೆಗೂ ಒಂದು ಒಪ್ಪಂದ ಆಯಿತು: ಸಸ್ಯಸಂಪತ್ತನ್ನೋ ಪಾರಂಪರಿಕ ಜ್ಞಾನವನ್ನೋ ಆಧರಿಸಿ ಪೇಟೆಂಟ್ ಕೇಳುವವರು ಅದು ಎಲ್ಲಿಂದ, ಯಾರಿಂದ ಬಂತೆಂದು ಹೇಳಬೇಕು. 151 ವರ್ಷ ತಡವಾಗಿಯಾದರೂ ಫಾರಮ್ಮಿಗೆ ಒಂದು ಹೊಸ ಕಾಲಂ ಸೇರಿತು.

ಈ ಯುಗಾದಿಗೆ ಬೇವು-ಬೆಲ್ಲ ತಿಂದು ಊರಿಗೆ ಫೋನ್ ಮಾಡುವಾಗ ಒಂದು ಕೆಲಸ ಮಾಡೋಣವೇ? ಅಜ್ಜಿಗೆ, ದೊಡ್ಡಮ್ಮನಿಗೆ, ಸೋದರಮಾವನಿಗೆ ಗೊತ್ತಿರುವುದನ್ನು ಕೇಳಿ, ಅವರ ಹೆಸರು, ಊರು, ತಾರೀಕು ಹಾಕಿ ಬರೆದಿಡೋಣ. ಬರೆದು ಪ್ರಕಟಿಸಿದರೆ ಅದು ಎಲ್ಲರ ಪಾಲಾಗುತ್ತದೆ, ನಿಜ. ದುಡ್ಡು ಮಾಡಿಕೊಳ್ಳುವವರು ಆಗಲೂ ಮಾಡಿಕೊಂಡಾರು. ಆದರೆ "ಇದು ನನ್ನೊಬ್ಬನದೇ" ಎಂದು ಯಾರೂ ಫಾರಂ ತುಂಬಲಾರರು.

ನೀವೇನಂತೀರಿ? ಬರೆಯಿರಿ, ಕಾಯುತ್ತಿರುತ್ತೇವೆ.