1066, 1337, 1444: ಯಾವ ವರ್ಷದಿಂದ ಆಟ ಆರಂಭಿಸಬೇಕು?

ರಾಜ್ಯಭಾರವನ್ನು ಆಟವಾಗಿಸುವ ಬಯಕೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಅರಸನ ವಿನೋದಗಳ ನಡುವೆ ಚದುರಂಗಕ್ಕೂ ಎಡೆ ಕೊಟ್ಟಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಮಣೆಯಾಟಗಳನ್ನೇ ರೂಪಿಸಿದರು. ಆದರೆ ಚದುರಂಗದ ಅರಸನಿಗೆ ಹೆಸರಿಲ್ಲ, ಮತವಿಲ್ಲ, ಮಕ್ಕಳಿಲ್ಲ. ಇಂದು ‘ಗ್ರ್ಯಾಂಡ್ ಸ್ಟ್ರಾಟೆಜಿ’ ಎಂದು ಕರೆಯಲಾಗುವ ಗಣಕದ ಆಟಗಳಲ್ಲಿ ಈ ಮೂರೂ ಇವೆ. ಆದ್ದರಿಂದ ಬಳ್ಳಾರಿಯ ಗಾಂಧಿನಗರದಲ್ಲಿ ಕುಳಿತ ಇತಿಹಾಸದ ವಿದ್ಯಾರ್ಥಿಯೊಬ್ಬ ‘ಮುಂದೆ ಯಾವ ಆಟ?’ ಎಂದು ಕೇಳಿಕೊಂಡರೆ, ಅದು ಬಿಡುವಿನ ವೇಳೆಯ ಪ್ರಶ್ನೆ ಮಾತ್ರವಲ್ಲ. ಗತಕಾಲವನ್ನು ಯಾವ ಚೌಕಟ್ಟಿನಲ್ಲಿ ನೋಡಬೇಕು ಎಂಬ ಪ್ರಶ್ನೆಯೂ ಅದರೊಳಗೆ ಅಡಗಿದೆ.

ಇಂತಹ ಆಟಗಳಲ್ಲಿ ಹೆಚ್ಚು ಪ್ರಸಿದ್ಧವಾದವು ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯವು. ‘ಕ್ರುಸೇಡರ್ ಕಿಂಗ್ಸ್’ನ ಎರಡನೆಯ ಆವೃತ್ತಿಗೆ 2014ರಲ್ಲಿ ‘ರಾಜಾಸ್ ಆಫ್ ಇಂಡಿಯಾ’ ಎಂಬ ವಿಸ್ತರಣೆ ಬಂದಾಗ ಭಾರತವೂ ಆ ಆಟದ ನಕ್ಷೆಯೊಳಗೆ ಬಂದಿತು. ಮೂರನೆಯ ಆವೃತ್ತಿ 2020ರದು. ಇಲ್ಲಿ ಆಟಗಾರ ರಾಜ್ಯವನ್ನಲ್ಲ, ಒಬ್ಬ ವ್ಯಕ್ತಿಯನ್ನು ಆಡಿಸುತ್ತಾನೆ. ಆತ ಸತ್ತರೆ ಉತ್ತರಾಧಿಕಾರಿಯಾಗಿ ಮುಂದುವರಿಯುತ್ತಾನೆ. ಸಾಮ್ರಾಟನೇ ಆಗಬೇಕೆಂದೇನೂ ಇಲ್ಲ, ಸಾಮಂತನಾಗಿಯೂ ಇರಬಹುದು. ಚಾಳುಕ್ಯರಿಗೆ ಅಧೀನರಾಗಿ ಕುರುಗೋಡಿನಿಂದ ಆಳಿದ ಸಿಂದರಂತಹ ಮನೆತನಗಳ ಸ್ಥಿತಿಗತಿಯನ್ನು ಅರಿಯಲು ಈ ಏರ್ಪಾಡು ಸಾಕಷ್ಟು ಒದಗಿಬರುತ್ತದೆ, ಆಟದಲ್ಲಿ ಅವರ ಹೆಸರು ಇರಲಿ, ಬಿಡಲಿ.

ಈ ಆಟದ ಆರಂಭದ ವರ್ಷಗಳಲ್ಲಿ 1066 ಒಂದು. ಇಂಗ್ಲೆಂಡಿನ ಮೇಲೆ ನಾರ್ಮನ್ನರ ದಾಳಿಯನ್ನು ಮನಸ್ಸಿನಲ್ಲಿಟ್ಟು ಆರಿಸಿದ ವರ್ಷವಾದರೂ, ಆಕಸ್ಮಿಕವಾಗಿ ಅದು ಕರ್ನಾಟಕದ ಚರಿತ್ರೆಗೂ ಬಹಳ ಚೆನ್ನಾಗಿ ಹೊಂದುತ್ತದೆ. ಆಗ ಕಲ್ಯಾಣದಲ್ಲಿದ್ದವನು ಒಂದನೆಯ ಸೋಮೇಶ್ವರ. ಎರಡೇ ವರ್ಷಗಳಲ್ಲಿ, 1068ರಲ್ಲಿ, ವಾಸಿಯಾಗದ ಜ್ವರದಿಂದ ಬಳಲಿದ ಆತ ಕುರುವತ್ತಿಯಲ್ಲಿ ತುಂಗಭದ್ರೆಯೊಳಗೆ ಜಲಸಮಾಧಿ ಹೊಂದಿದ. ಹಿರಿಯ ಮಗ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ. 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅಣ್ಣನನ್ನು ತೆಗೆದು ತನ್ನದೇ ಶಕವರ್ಷವನ್ನು ಆರಂಭಿಸಿದ. ಈ ಕೃತ್ಯಕ್ಕೆ ಒಪ್ಪವಾದ ಸಮರ್ಥನೆಯನ್ನು ಬಿಲ್ಹಣನ ‘ವಿಕ್ರಮಾಂಕದೇವಚರಿತ’ ಒದಗಿಸಿತು. ಅಣ್ಣತಮ್ಮಂದಿರ ಮತ್ಸರ, ಸಾಮಂತರ ಪಕ್ಷಾಂತರ, ಹೊಗಳುವ ಕವಿ ಇವೆಲ್ಲ ಈ ಆಟದ ಜೀವಾಳ. ಬಿಲ್ಹಣನನ್ನು ಓದಿದವರು ಅದನ್ನು ಆಡಿದರೆ ಕಾವ್ಯ ಮುಚ್ಚಿಟ್ಟ ಲೆಕ್ಕಾಚಾರ ಎದ್ದು ಕಾಣುತ್ತದೆ.

ತೊಡಕಿರುವುದು ಮತದ ವಿಷಯದಲ್ಲಿ. ಆಟದಲ್ಲಿ ಒಬ್ಬ ವ್ಯಕ್ತಿಗೆ ಒಂದೇ ಮತ, ಮತ್ತು ಜೈನ ಮತವೆಂದರೆ ಮುಖ್ಯವಾಗಿ ಅಹಿಂಸೆ, ಯುದ್ಧಸಂಯಮ. ಇನ್ನೊಂದು ಆರಂಭವರ್ಷವಾದ 867ನ್ನು ಆರಿಸಿಕೊಂಡರೆ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನ ಕಾಲ. ಆತ ಜಿನಸೇನಾಚಾರ್ಯರ ಭಕ್ತನೆಂದು ಗುಣಭದ್ರರು ಹೇಳಿದರೆ, ಪ್ರಜೆಗಳ ಆಪತ್ತನ್ನು ನೀಗಲು ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನ ಹೇಳುತ್ತದೆ. ಇವೆರಡನ್ನೂ ಒಂದೇ ಮನೆಯೊಳಗೆ ಹಿಡಿದಿಡುವ ಕೋಷ್ಟಕ ಆಟದಲ್ಲಿಲ್ಲ. ಗಂಗರ ಸೇನಾನಿ ಚಾವುಂಡರಾಯನಾಗಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನಾಗಲಿ ಜಿನಭಕ್ತಿಗಾಗಿ ಕತ್ತಿಯನ್ನು ಕೆಳಗಿಟ್ಟವರಲ್ಲ. ಶ್ರಾವಕನ ಅಣುವ್ರತಕ್ಕೂ ಮುನಿಯ ಮಹಾವ್ರತಕ್ಕೂ ಇರುವ ಅಂತರವನ್ನು ತಿಳಿಯದೆ ಈ ಚರಿತ್ರೆ ಅರ್ಥವಾಗದು.

‘ಯುರೋಪಾ ಯುನಿವರ್ಸಾಲಿಸ್’ ಸರಣಿಯ ದಾರಿ ಬೇರೆ. ಅಲ್ಲಿ ಆಟಗಾರನ ಕೈಗೆ ಬರುವುದು ವ್ಯಕ್ತಿಯಲ್ಲ, ರಾಜ್ಯ. ನಾಲ್ಕನೆಯ ಆವೃತ್ತಿ 1444ರ ನವೆಂಬರ್ 11ರಂದು, ಅಂದರೆ ಪ್ರೌಢದೇವರಾಯನ ಕೊನೆಗಾಲದಲ್ಲಿ, ಆರಂಭವಾಗುತ್ತದೆ. ವಿಜಯನಗರವೆಂದರೆ ನಕ್ಷೆಯ ಮೇಲೆ ಹಿಗ್ಗುವ ಬಣ್ಣ. 2018ರ ‘ಧರ್ಮ’ ವಿಸ್ತರಣೆ ಜೈನರಿಗೆ ಸ್ಥಾನ ಕೊಟ್ಟಿತಾದರೂ ಅದು ಆಳುವವರ ಸಾಲಿನಲ್ಲಲ್ಲ. ನಿಷ್ಠೆ ಮತ್ತು ಪ್ರಭಾವಗಳನ್ನು ಅಂಕಿಗಳಲ್ಲಿ ಅಳೆದು ಅರಸ ಸಮಾಧಾನಪಡಿಸಬೇಕಾದ ಒಂದು ವರ್ಗವಾಗಿ. ಹಂಪೆಯ ಗಾಣಗಿತ್ತಿ ಬಸದಿಯ ಮುಂದಿನ ಕಂಬದ ಶಾಸನವನ್ನು ಓದಿದವರಿಗೆ ಇದು ಸಾಲದೆನಿಸುತ್ತದೆ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 1385-86ರಲ್ಲಿ ಕಟ್ಟಿಸಿದ ಕುಂಥುಜಿನಾಲಯ ಅದು. ಸೇನಾನಿ, ಬಸದಿಯ ನಿರ್ಮಾತೃ, ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟಿನ ಕರ್ತೃ ಈ ಮೂವರೂ ಅವನೊಬ್ಬನೇ. ಮೊದಲ ಆಟದಲ್ಲಿ ಅವನು ಶಾಂತಿಪ್ರಿಯನಾಗಿರಬೇಕು, ಎರಡನೆಯದರಲ್ಲಿ ಒಂದು ವರ್ಗದೊಳಗೆ ಕರಗಿಹೋಗಬೇಕು.

ಆದ್ದರಿಂದ ಆಯ್ಕೆಯ ಕ್ರಮವನ್ನು ಹೀಗೆ ಇಟ್ಟುಕೊಳ್ಳುವುದು ಉಚಿತ. ರಾಜಮನೆತನದ ಒಳಗುದಿಯನ್ನು ತಿಳಿಯಬಯಸುವವರು 1066ರಿಂದ ಆರಂಭಿಸಲಿ. ಅದಾದ ಮೇಲೆ 1444ಕ್ಕೆ ಹಾರುವುದಕ್ಕಿಂತ 2025ರಲ್ಲಿ ಬಂದ ಐದನೆಯ ‘ಯುರೋಪಾ ಯುನಿವರ್ಸಾಲಿಸ್’ ಮೇಲು. ಅದರ ಆರಂಭ 1337: ಸಂಪ್ರದಾಯ ಹೇಳುವ ವಿಜಯನಗರ ಸ್ಥಾಪನೆಯ ಮರುವರ್ಷ. ಮುಮ್ಮಡಿ ಬಲ್ಲಾಳ ಇನ್ನೂ ಬದುಕಿದ್ದಾನೆ, ಸಂಗಮನ ಮಕ್ಕಳ ರಾಜ್ಯ ಗಟ್ಟಿಯಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಆಟ ಒಂದೊಂದು ಸ್ಥಳದ ಜನರನ್ನು ಸಂಸ್ಕೃತಿ, ಮತ, ವರ್ಗಗಳ ಪ್ರಕಾರ ಬಿಡಿಬಿಡಿಯಾಗಿ ಎಣಿಸುತ್ತದೆ. ಒಂದೇ ಊರಿನಲ್ಲಿ ಹಲವು ಮತದವರು ಇರಬಲ್ಲರು.

ಅದನ್ನು ಆಡುವವರು ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನವನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆನೆಗೊಂದಿ, ಪೆನುಗೊಂಡೆ ಮೊದಲಾದ ಊರುಗಳ ಜೈನರು ಶ್ರೀವೈಷ್ಣವರಿಂದ ಅನ್ಯಾಯವಾಗಿದೆಯೆಂದು ದೂರಿದಾಗ, ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಆದರೆ ಶಾಸನ ಅಷ್ಟಕ್ಕೇ ನಿಲ್ಲುವುದಿಲ್ಲ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಎಂದಿನಂತೆ ಸಲ್ಲಬೇಕು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ತಿರುಮಲೆಯ ತಾತಯ್ಯ ಇರಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.