ಗ್ರಾಂಟ್ ರೋಡಿನ ನಾಟಕಗೃಹ

ಮುಂಬಯಿಯ ರಂಗಭೂಮಿಯ ಇತಿಹಾಸವನ್ನು ಬರೆಯುವವರು ಗ್ರಾಂಟ್ ರೋಡಿನ ನಾಟಕಗೃಹವನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಆದರೆ ಅದರ ಕಥೆಯಲ್ಲಿ ಕನ್ನಡದ ಎಳೆಯೊಂದು ಸೇರಿರುವುದನ್ನು ಮುಂಬಯಿ ಕನ್ನಡಿಗರಾದ ನಾವೇ ಸಾಕಷ್ಟು ಗಮನಿಸಿಲ್ಲ.

ಕೋಟೆಯ ಬಯಲಿನಲ್ಲಿ ಆಂಗ್ಲರು 1776ರಲ್ಲಿ ಕಟ್ಟಿಸಿದ್ದ ಹಳೆಯ ನಾಟಕಶಾಲೆಯು ಸಾಲದ ಹೊರೆಯಿಂದ 1835ರಲ್ಲಿ ಮಾರಾಟವಾಗಿತ್ತು. ಹೊಸದೊಂದು ಬೇಕೆಂದು ನಾಗರಿಕರು ಸರಕಾರಕ್ಕೆ ಬಿನ್ನವಿಸಿಕೊಂಡ ತರುವಾಯ ಜಗನ್ನಾಥ ಶಂಕರಶೇಟರು ಗ್ರಾಂಟ್ ರೋಡಿನಲ್ಲಿ ನಿವೇಶನವನ್ನಿತ್ತರು. 1846ರಲ್ಲಿ ನಾಟಕಗೃಹವು ತೆರೆಯಿತು. ಇಂಗ್ಲಿಷ್ ನಾಟಕಗಳಿಗಾಗಿಯೇ ಹುಟ್ಟಿದ ಮಂದಿರವದು; ಆದರೆ ಕೋಟೆಯಿಂದ ದೂರವಾದುದರಿಂದ ಆಂಗ್ಲ ಪ್ರೇಕ್ಷಕರು ವಿರಳರಾದರು. ಅವರಿಗೆ ಅನನುಕೂಲವಾದ ದೂರವೇ ಕೋಟೆಯ ಹೊರಗೆ ನೆಲಸಿದ್ದ ದೇಶೀಯರಿಗೆ ಅನುಕೂಲವಾಗಿ ಪರಿಣಮಿಸಿತು.

1853 ಅದರ ಸ್ಮರಣೀಯ ವರ್ಷ. ಸಾಂಗಲಿಯ ವಿಷ್ಣುದಾಸ ಭಾವೆಯವರ ಮಂಡಳಿಯು ಆ ವರ್ಷ ಅಲ್ಲಿ ಪ್ರಯೋಗಗಳನ್ನು ನಡೆಸಿತು. ನವೆಂಬರದಲ್ಲಿ 'ರಾಜಾ ಗೋಪಿಚಂದ'ವನ್ನು ಹಿಂದಿಯಲ್ಲಿ ಆಡಿತು. ಪಾರಸಿಗಳ ನಾಟಕಮಂಡಳಿಯೂ ಅದೇ ಅಕ್ಟೋಬರದಲ್ಲಿ ಅಲ್ಲಿಯೇ ರಂಗವನ್ನೇರಿತ್ತು.

ಈ ಭಾವೆಯವರ ಮೊದಲ ಪ್ರೇರಣೆ ಎಲ್ಲಿಯದು? ಉತ್ತರ ಕನ್ನಡದ ಕರ್ಕಿಯಿಂದ ಹೊರಟ ಭಾಗವತರ ಮೇಳವೊಂದು 1842ರ ಸುಮಾರಿಗೆ ಸಾಂಗಲಿಯಲ್ಲಿ ಆಡಿ ತೋರಿಸಿದ ಯಕ್ಷಗಾನವನ್ನು ಕಂಡು, ಸಂಸ್ಥಾನಾಧಿಪತಿ ಚಿಂತಾಮಣರಾವ ಪಟವರ್ಧನರು ಅಂಥದನ್ನು ಮರಾಠಿಯಲ್ಲಿ ರಚಿಸಲು ಭಾವೆಯವರಿಗೆ ಆಜ್ಞಾಪಿಸಿದರು. 1843ರ 'ಸೀತಾಸ್ವಯಂವರ'ವು ಅದರ ಫಲ. ಹಾಡಿ ಕಥೆಯನ್ನು ನಡೆಸುವ ಸೂತ್ರಧಾರ, ಆರಂಭದ ಗಣಪತಿ–ಸರಸ್ವತಿಯರ ಪ್ರವೇಶ, ಅಬ್ಬರದ ರಾಕ್ಷಸವೇಷ ಇವುಗಳಲ್ಲಿ ಬಯಲಾಟದ ಛಾಯೆಯನ್ನು ಗುರುತಿಸಬಹುದು. ಇಷ್ಟರಿಂದ ಮರಾಠಿ ನಾಟಕವು ಕನ್ನಡದ ಕೂಸೆಂದು ಬೀಗುವುದು ಸಲ್ಲದು. ಭಾವೆಯವರು ಮೇಳದ ಆಟವನ್ನು ನಕಲುಮಾಡದೆ ತಮ್ಮ ನಾಡಿನ ಅಭಿರುಚಿಗೆ ಒಗ್ಗಿಸಿದರು. ಬೀಜದ ಮೂಲವನ್ನು ನೆನೆಯುವುದರಿಂದ ಕೃಷಿಕನ ಹಿರಿಮೆಗೆ ಕುಂದಿಲ್ಲ.

ಮುಂದೆ 1868ರಲ್ಲಿ ವಿಕ್ಟೋರಿಯಾ ನಾಟಕ ಮಂಡಳಿಯು ಹುಟ್ಟಿತು. ಪಾರಸಿ ಕಂಪನಿಗಳ ವೈಭವದಿಂದ ಗ್ರಾಂಟ್ ರೋಡು ಬೆಳಗಿತು. ಆದರೆ ಸಿರಿವಂತರ ಒಲವು ಮತ್ತೆ ಕೋಟೆಯ ಕಡೆಗೆ ತಿರುಗಿತು. 1879ರಲ್ಲಿ ಬೋರಿಬಂದರಿನ ಬಳಿ ಗೇಯಟಿ ನಾಟಕಗೃಹವು ತೆರೆದು, ಹಳೆಯ ಮಂದಿರದ ಪ್ರತಿಷ್ಠೆ ಕುಗ್ಗಿತು. ಸಿನಿಮಾದ ಕಾಲದಲ್ಲಿ ಗೇಯಟಿಯೂ ಕ್ಯಾಪಿಟಲ್ ಚಿತ್ರಮಂದಿರವಾಯಿತು.

ಗ್ರಾಂಟ್ ರೋಡಿನ ಆ ಕಟ್ಟಡವು ಇಂದಿಲ್ಲ. ಕರ್ಕಿಯ ಕಲಾವಿದರು ಅದರ ರಂಗವನ್ನೇರಿದವರೂ ಅಲ್ಲ. ಆದರೂ ಅವರು ಸಾಂಗಲಿಯಲ್ಲಿ ಹಚ್ಚಿದ ದೀಪದ ಬೆಳಕು ಹನ್ನೊಂದು ವರ್ಷಗಳಲ್ಲಿ ಅಲ್ಲಿಗೆ ಮುಟ್ಟಿತು. ಈ ನಗರದ ಸಂಸ್ಕೃತಿಯಲ್ಲಿ ಕನ್ನಡಿಗರು ಕೇವಲ ತಡವಾಗಿ ಬಂದ ಅತಿಥಿಗಳೆಂಬ ಮಾತನ್ನು ಒಪ್ಪುವ ಮೊದಲು ಈ ಸಂಗತಿಯನ್ನು ತೂಗಿ ನೋಡಬೇಕು.